ಒಲೆಯ ಮುಂದೆ ಕೂತವಳು

ಪೆಲ್ ಕಡವು, ಸಸ್ಕ್ವೆಹಾನ ಹೊಳೆಯ ಪಡುದಡ
ಜೂನ್ 9, 1733

ಪ್ರೀತಿಯ ಯಜಮಾನರಿಗೆ,

ನೀವು ಹೊಳೆ ದಾಟಿ ಫಿಲಡೆಲ್ಫಿಯಾದ ದಾರಿ ಹಿಡಿದ ಮೇಲೆ ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋಣ ಅಂತಲೇ ಕೂತೆ. ಹಂದಿಗಳು ಕ್ಷೇಮ. ಹಸು ಕ್ಷೇಮ. ನಿಮ್ಮ ಗೇವಿನ್ ಕುಡಿದಾಗ ಕ್ಷೇಮ, ಕುಡಿಯದಿದ್ದಾಗ ಸಿಡಿಮಿಡಿ. ದೋಣಿ ನಡೆಸೋಕೆ ಅವನೊಬ್ಬನನ್ನೇ ಬಿಟ್ಟು ಹೋದಿರಲ್ಲ, ದಾಟಬೇಕಾದವರು ಆಚೆ ದಡದಲ್ಲಿ ಕೊಂಬು ಊದಿದರೆ ಅವನಿಗೆ ಮೊದಲು ಆಕಳಿಕೆ ಬರುತ್ತೆ, ಆಮೇಲೆ ಎಚ್ಚರ. ಹೊಸದಾಗಿ ಬಂದು ಗುಡಿಸಲು ಹಾಕಿಕೊಂಡ ಮೂರು ಸಂಸಾರದವರೂ ಚೆನ್ನಾಗಿದ್ದಾರೆ.

ಕ್ಷೇಮವಿಲ್ಲದವಳು ನಾನು. ಬೆಳಿಗ್ಗೆ ಬಾಗಿಲ ಅಗುಳಿ ತೆಗೆದರೆ ಸಾಕು, ಆಕೆ ನಿಂತಿರ್ತಾಳೆ. ಏಪ್ರಿಲ್ ನೆರೆಯಲ್ಲಿ ನಮ್ಮ ದೋಣಿಯಿಂದ ಬಿದ್ದು ಹೋದನಲ್ಲ, ಈ ನೆಲದ ಲೆನಾಪೆ ಜನರ ಹುಡುಗ, ಅವನ ತಾಯಿ. ಮೇಲ್ಹೊಳೆಯ ಅವರ ಊರಿಂದ ಕತ್ತಲಲ್ಲೇ ಹೊರಟು ಬರ್ತಾಳೋ ಏನೋ, ಪಾದವೆಲ್ಲ ಇಬ್ಬನಿ. ಬಂದವಳು ಒಳಗೆ ಕಾಲಿಟ್ಟು ಒಲೆಯ ಮುಂದೆ ಕೂರ್ತಾಳೆ. ಒಂದು ಮಾತಿಲ್ಲ. ಬಿಳಿ ನೇರಳೆ ಚಿಪ್ಪಿನ ಮಣಿಗಳ ಒಂದು ಪಟ್ಟಿಯನ್ನು ಮಡಿಲಿಂದ ತೆಗೆದು ನೆಲದ ಮೇಲೆ ಹಾಸ್ತಾಳೆ, ಸಂಜೆ ಅದನ್ನೇ ಸುತ್ತಿಕೊಂಡು ಎದ್ದು ಹೋಗ್ತಾಳೆ. ಅವರ ಆಭರಣ ಇರಬೇಕು ಅಂದುಕೊಂಡೆ. ನೆನ್ನೆ ಕಸ ಗುಡಿಸುವಾಗ ಪೊರಕೆ ತುದಿಯಿಂದ ಅದನ್ನ ಪಕ್ಕಕ್ಕೆ ಸರಿಸಿದೆ. ಆಕೆ ನನ್ನ ಮುಖವನ್ನೇ ನೋಡಿದಳು, ಏನೋ ಕಾಯ್ತಿರೋ ಹಾಗೆ. ಪೊರಕೆ ಮೂಲೆಗಿಟ್ಟು ಹೊರಗೆ ಹೋದೆ.

ಮನೆಗೆ ಬಂದವರನ್ನು ಹಸಿದು ಕೂರಿಸೋಕಾಗುತ್ತಾ? ಜೋಳದ ಗಂಜಿ ಕೊಡ್ತೀನಿ, ಮೇಲೆ ಒಂದಿಷ್ಟು ಕಾಕಂಬಿ. ಉಣ್ತಾಳೆ. ಉಂಡು, ನಮ್ಮ ಹೆಪ್ಸಿ ಎಲ್ಲಿ ಹೋಗ್ತಾಳೋ ಅಲ್ಲೆಲ್ಲ ಕಣ್ಣು ಹಾಯಿಸ್ತಾಳೆ. ನಿಮ್ಮ ಮಗಳಿಗೋ ಭಯವಿಲ್ಲ, ಬುದ್ಧಿಯೂ ಇಲ್ಲ. ಆಕೆಯ ಮಗ್ಗುಲಲ್ಲೇ ಕೂತು ಬೊಂಬೆ ಆಡ್ತಾಳೆ. ಆ ಹುಡುಗನೂ ಹೆಪ್ಸಿಯ ವಯಸ್ಸಿನವನೇ ಅಲ್ವಾ? ಏಳಿರಬೇಕು.

ಹೊರಡೋ ಮುಂಚೆ ನೀವು ಅವರ ಊರಿಗೆ ಹೋಗಿ ಎಲ್ಲ ಇತ್ಯರ್ಥ ಮಾಡಿ ಬಂದೆ ಅಂದಿರಿ. ಏನು ಇತ್ಯರ್ಥ ಮಾಡಿದಿರಿ? ಯಾರ ಹತ್ತಿರ ಏನಂದಿರಿ? ಒಂದು ಸಾಲು ಬರೆದು ಕಳಿಸಿ. ಆ ದಿನದಿಂದ ನಾನು ದೋಣಿಯಲ್ಲಿ ಕಾಲಿಟ್ಟಿಲ್ಲ. ಹೊಳೆಯಿಂದ ನೀರು ತರೋಕೂ ಗೇವಿನ್‌ನನ್ನೇ ಕಳಿಸ್ತೀನಿ, ಅಷ್ಟು ಹೆದರಿಕೆ.

ನಿಮ್ಮ
ಟ್ಯಾಬಿತಾ


ಫಿಲಡೆಲ್ಫಿಯಾ
ಜೂನ್ 24, 1733

ಪ್ರಿಯ ಟ್ಯಾಬಿ,

ನಿನ್ನ ಕಾಗದ ಓದಿ ನಕ್ಕುಬಿಟ್ಟೆ. ಊರು ಕಟ್ಟುವವನ ಹೆಂಡತಿ ಗಂಜಿ ಕುಡಿಯೋ ಒಬ್ಬ ಹೆಂಗಸಿಗೆ ಹೆದರಿದಳು ಅಂತ ಇಲ್ಲಿ ಗೊತ್ತಾದರೆ ನನ್ನ ಮಾನ ಏನಾಗಬೇಡ!

ಮೊದಲು ಸಂತೋಷದ ಸುದ್ದಿ ಕೇಳು. ಕಡವಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಊರಿನ ನಕ್ಷೆಯನ್ನು ನಾನೇ ಬರೆದೆ. ಹೊಳೆಯಿಂದ ಮೇಲಕ್ಕೆ ಅಗಲವಾದ ಒಂದು ಬೀದಿ, ಅಡ್ಡಕ್ಕೆ ಎರಡು, ನಡುವೆ ಪ್ರಾರ್ಥನಾ ಮಂದಿರ, ಅದರೆದುರು ನಮ್ಮ ಕಲ್ಲಿನ ಮನೆ. ಮರದ್ದಲ್ಲ, ಕಲ್ಲಿನದು! ಹೊಳೆ ಬದಿಯ ಬೀದಿಗೆ ಹೆಪ್ಸಿಯ ಹೆಸರಿಟ್ಟಿದ್ದೇನೆ. ಇಲ್ಲಿನ ಛತ್ರದಲ್ಲಿ ನಕ್ಷೆ ಬಿಡಿಸಿದರೆ ಜನ ಮುತ್ತಿಕೊಳ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಆಚೆ ದಡದಲ್ಲಿ ಭಯವಿಲ್ಲವಾ? ನಾನು ಎದೆ ಸೆಟೆಸಿ ಹೇಳ್ತೇನೆ, ನನ್ನ ಹೆಂಡತಿ ಮಗಳು ಈ ಗಳಿಗೆಯಲ್ಲಿ ಅಲ್ಲೇ ಇದ್ದಾರೆ ಅಂತ. ಅಷ್ಟು ಸಾಕು, ಅವರ ಮುಖ ಅರಳುತ್ತೆ.

ಆ ಹುಡುಗನ ವಿಚಾರ. ಹೊಳೆ ಉಕ್ಕಿತ್ತು, ದೋಣಿ ವಾಲಿತು, ಅವನು ಹೋದ. ನಾನೇನು ಮಾಡಬಹುದಿತ್ತು? ಅವರ ಊರಿಗೆ ಹೋದೆ, ಕೂತೆ, ಚಿಲುಮೆ ಸೇದಿದೆ, ಒಳ್ಳೆಯ ಮಾತಾಡಿದೆ, ಉಡುಗೊರೆ ಕೊಟ್ಟೆ. ಎಲ್ಲರೂ ತಲೆದೂಗಿದರು. ಆ ದಡದಲ್ಲಿ ನಾವಿರೋದೇ ಅವರ ಒಪ್ಪಿಗೆಯ ಮೇಲೆ ಅಂತ ನನಗೆ ಗೊತ್ತಿಲ್ಲವಾ? ಅವರನ್ನು ಹೇಗೆ ಮಾತಾಡಿಸಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಕೆ ಕೂತರೆ ಕೂರಲಿ. ದುಃಖ ಇದೆ, ಬೆಚ್ಚಗಿನ ಜಾಗ ಬೇಕಾಗಿದೆ, ಅಷ್ಟೆ. ಹುಡುಗನ ಹೆಸರು ಗೇವಿನ್‌ಗೆ ಗೊತ್ತಿದೆ, ಕೇಳಿಕೋ. ಆ ಹೆಸರು ಹಿಡಿದು ನಾಲ್ಕು ಸಮಾಧಾನದ ಮಾತು ಹೇಳು. ಮನಸ್ಸು ಹಗುರಾಗಿ ಎದ್ದು ಹೋಗ್ತಾಳೆ. ಈ ವಿಷಯ ಆ ಮೂರು ಮನೆಯವರ ಕಿವಿಗೆ ಬೀಳದಿರಲಿ.

ನಿನ್ನ
ಜೋಸೈಯಾ


ಪೆಲ್ ಕಡವು
ಜುಲೈ 8, 1733

ಪ್ರೀತಿಯ ಯಜಮಾನರಿಗೆ,

ಅವರನ್ನು ಮಾತಾಡಿಸೋದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದಿರಿ. ನೀವು ಹೇಳಿಕೊಟ್ಟ ಹಾಗೇ ಮಾಡಿದೆ. ಅದರ ಫಲ ಕೇಳಿ.

ಗೇವಿನ್‌ನ ಹತ್ತಿರ ಹುಡುಗನ ಹೆಸರು ಕಲಿತು, ನಾಲಿಗೆ ತಿರುಗೋ ತನಕ ಹಾಲು ಕರೆಯುತ್ತಾ ಬಾಯಿಪಾಠ ಮಾಡಿ, ಆಕೆಯ ಎದುರು ಮಂಡಿಯೂರಿ ಕೂತು, ಕೈ ಹಿಡಿದು ಆ ಹೆಸರು ಹೇಳಿದೆ. ಅಯ್ಯೋ ದೇವರೇ! ಕೆಂಡ ಮುಟ್ಟಿದವಳ ಹಾಗೆ ಕೈ ಕಿತ್ತುಕೊಂಡಳು. ಕಂಬಳಿ ಎಳೆದು ಮುಖ ಮುಚ್ಚಿಕೊಂಡಳು. ಗಂಟಲಿಂದ ಒಂದು ಸ್ವರ ಬಂತು ನೋಡಿ, ಅದು ಅಳುವಲ್ಲ, ನಾನು ಕೇಳಿದ ಯಾವ ಸ್ವರವೂ ಅಲ್ಲ. ಪಟ್ಟಿ ಸುತ್ತಿಕೊಂಡು ಎದ್ದು ಹೋದಳು. ಆಮೇಲೆ ಗೇವಿನ್ ಹಣೆ ಚಚ್ಚಿಕೊಂಡ. "ಅಮ್ಮಾವ್ರೇ, ನೀವು ಹೆಸರು ಕೇಳಿದ್ದು ಇದಕ್ಕೆ ಅಂತ ಮೊದಲೇ ಹೇಳಬಾರದಾ? ಸತ್ತೋರ ಹೆಸರು ಅವರು ಎತ್ತಲ್ಲ. ಎತ್ತಿದರೆ ಸತ್ತ ಜೀವಕ್ಕೆ ಹೋಗೋ ದಾರಿ ತಪ್ಪುತ್ತಂತೆ." ಇದು ನಿಮಗೆ ಗೊತ್ತಿರಲಿಲ್ಲವಾ?

ಕೆಲವು ದಿನ ಆಕೆ ಬರಲಿಲ್ಲ. ಬಂದರೆ ಒಂದು ಹೆದರಿಕೆ, ಬರದಿದ್ದರೆ ಇನ್ನೊಂದು. ಕಾಡಂಚಿನಲ್ಲಿ ಎಲೆ ಅಲ್ಲಾಡಿದರೆ ಜೀವ ಬಾಯಿಗೆ ಬರ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಬಂದಳು, ಈ ಸಲ ಬರಿಗೈಯಲ್ಲಲ್ಲ. ಜಿಂಕೆ ಚರ್ಮದ ಪುಟ್ಟ ಜೋಡು ತಂದಿದ್ದಳು. ಹೆಪ್ಸಿಯನ್ನು ಹತ್ತಿರ ಕೂರಿಸಿ, ಕಾಲು ತೊಳೆದು, ತೊಡಿಸಿದಳು. ಅಳತೆ ತಗೊಂಡು ಹೊಲಿದ ಹಾಗೆ ಕೂತಿತು. ಯಾವಾಗ ಅಳತೆ ತಗೊಂಡಳು? ಆಮೇಲೆ ಕರಡಿ ಕೊಬ್ಬು ಹಚ್ಚಿ ಮಗುವಿನ ತಲೆ ಬಾಚಿ, ಎರಡು ಜಡೆ ಹಾಕಿದಳು. ಹೆಪ್ಸಿ ಓಡಿಬಂದು "ಅಮ್ಮಾ, ನಾನೀಗ ಯಾರ ಥರ ಕಾಣ್ತೀನಿ ಹೇಳು" ಅಂತಾಳೆ.

ಅದನ್ನ ಗೇವಿನ್‌ಗೆ ಹೇಳಿದೆ. ಅವನ ನಾಲಿಗೆಗೆ ಮೂಳೆ ಎಲ್ಲಿದೆ? "ಹುಷಾರು ಅಮ್ಮಾವ್ರೇ, ಅವರಲ್ಲಿ ಒಂದು ಪದ್ಧತಿ ಇದೆ. ಮನೇಲಿ ಒಬ್ಬರು ಸತ್ತು ಜಾಗ ಖಾಲಿಯಾದರೆ ಇನ್ನೊಬ್ಬರನ್ನ ತಂದು ಆ ಜಾಗದಲ್ಲಿ ಕೂರಿಸ್ತಾರೆ. ಹೊಸ ಬಟ್ಟೆ ಹಾಕಿ, ತಲೆ ಬಾಚಿ..." ಅಂತ ನಗುತ್ತಾ ಶುರು ಮಾಡಿದವನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ನಗಲಿಲ್ಲ.

ಆವತ್ತಿಂದ ಹೆಪ್ಸಿಯ ಲಂಗದ ದಾರಕ್ಕೆ ನನ್ನ ಲಂಗದ ದಾರ ಕಟ್ಟಿಕೊಂಡು ಮಲಗ್ತೀನಿ. ನನಗೊಂದೇ ಮಾತು ಬೇಕು. ಅವರ ಊರಲ್ಲಿ ಕೂತು ನೀವು ಏನಂದಿರಿ? ಬೀದಿಗೆ ಹೆಸರಿಟ್ಟ ವಿಚಾರ ಬೇಡ. ಅಲ್ಲಿ ಆಡಿದ ಮಾತು ಆಡಿದ ಹಾಗೇ ಬರೆಯಿರಿ.

ಟ್ಯಾಬಿತಾ


ಫಿಲಡೆಲ್ಫಿಯಾ
ಜುಲೈ 25, 1733

ಪ್ರಿಯ ಟ್ಯಾಬಿ,

ಗೇವಿನ್‌ನ ಕುಡುಕ ಮಾತಿಗೆ ಬೆಲೆ ಕೊಡಬೇಡ. ಅವನು ಹುಟ್ಟಿದ ದ್ವೀಪದಲ್ಲಿ ಪ್ರತಿ ಬಾವಿಗೂ ಒಂದು ದೆವ್ವ ಇದೆಯಂತೆ, ಅದನ್ನೂ ನಂಬ್ತೀಯಾ?

ನಾನು ಏನಂದೆ ಅಂತ ನೀನು ಕೇಳಿದೆ. ದುಃಖದ ಮನೆಯಲ್ಲಿ ಯಾರಾದರೂ ಏನನ್ನುತ್ತಾರೋ ಅದನ್ನೇ ಅಂದೆ. ನಿಮ್ಮ ಮಗು ಹೋಯಿತು, ನನ್ನ ಮಗು ನಿಮ್ಮದೇ ಅಂದುಕೊಳ್ಳಿ ಅಂದೆ. ಇದರಲ್ಲಿ ಏನಿದೆ? ನಮ್ಮೂರಲ್ಲಿ ಪಾದ್ರಿಯೂ ಇದನ್ನೇ ಹೇಳ್ತಾನೆ, ಆಮೇಲೆ ಮನೆಗೆ ಹೋಗಿ ಊಟ ಮಾಡ್ತಾನೆ.

ಮಾತಿನ ಜೊತೆ ಏನಾದರೂ ಕೊಡಬೇಕು, ಅದು ಅವರ ರೂಢಿ. ಬಟ್ಟೆ ಕೊಡೋಣ ಅಂದರೆ ಅವತ್ತು ದೋಣಿ ವಾಲಿ ಬಟ್ಟೆಯ ಮೂಟೆಗಳೆಲ್ಲ ನೆನೆದು ಹೋಗಿದ್ದವು. ನನ್ನ ಹತ್ತಿರ ವ್ಯಾಪಾರಕ್ಕೆ ಇಟ್ಟುಕೊಂಡ ಒಂದು ಮಣಿಪಟ್ಟಿ ಇತ್ತು, ಬಿಳಿ ನೇರಳೆಯದು. ಅದನ್ನೇ ಕೊಟ್ಟೆ. ಒಳ್ಳೆಯ ಸರಕು. ಅದನ್ನ ಕೊಟ್ಟಾಗ ಎಲ್ಲರೂ ಎಷ್ಟು ನಿಶ್ಶಬ್ದವಾದರು ಅಂದರೆ, ನನ್ನ ಔದಾರ್ಯಕ್ಕೆ ಬೆರಗಾದರು ಅಂತ ನನಗೇ ಹೆಮ್ಮೆಯಾಯಿತು.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಮನೆ ಬಿಟ್ಟು ಹೊರಡೋ ಯೋಚನೆ ಬೇಡ. ನಾಲ್ಕು ಸಂಸಾರ ಬರೋಕೆ ಒಪ್ಪಿವೆ. ಅವರು ಗಾಡಿ ಹೂಡೋ ಹೊತ್ತಿಗೆ ಕಡವಿನ ಯಜಮಾನನ ಹೆಂಡತಿಯೇ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಓಡಿ ಬಂದಳು ಅಂದರೆ ಎಲ್ಲ ಮುಗಿಯಿತು. ಊರೂ ಇಲ್ಲ, ಬೀದಿಯೂ ಇಲ್ಲ.

ಈ ಕಾಗದದ ಜೊತೆ ಗೇವಿನ್‌ಗೆ ಬೇರೆ ಒಂದು ಚೀಟಿ ಇಟ್ಟಿದ್ದೇನೆ. ದೋಣಿಗೆ ಕೀಲೆಣ್ಣೆ ಬಳಿಯೋ ವಿಚಾರ. ಅವನಿಗೆ ಕೊಟ್ಟುಬಿಡು.

ನಿನ್ನ
ಜೋಸೈಯಾ


ಪೆಲ್ ಕಡವು
ಆಗಸ್ಟ್ 10, 1733

ಯಜಮಾನರಿಗೆ,

ಕೀಲೆಣ್ಣೆ ವಿಚಾರ ತಿಳಿಯಿತು.

ಮೊದಲು ಪಟ್ಟಿಯ ಮಾತು. ಬೇಸಿಗೆಯಿಡೀ ಆಕೆ ನನ್ನ ಒಲೆಯ ಮುಂದೆ ಹಾಸ್ತಿರೋದು ನೀವು ಕೊಟ್ಟ ಪಟ್ಟಿ. ನಾನು ಪೊರಕೆಯಲ್ಲಿ ಸರಿಸಿದ್ದು ಅದನ್ನೇ. ನಿಮ್ಮ ಕಾಗದದ ಆ ಸಾಲುಗಳನ್ನು ಗೇವಿನ್‌ಗೆ ಓದಿ ಹೇಳಿದೆ. ಅವನು ಟೋಪಿ ತೆಗೆದ. ಆ ಮನುಷ್ಯ ದೇವರ ಮುಂದೆ ಕೂಡ ಟೋಪಿ ತೆಗೆದದ್ದನ್ನು ನಾನು ನೋಡಿಲ್ಲ. "ಅಮ್ಮಾವ್ರೇ, ಬಟ್ಟೆ ಕೊಟ್ಟಿದ್ದರೆ ಅದು ಕಣ್ಣೀರು ಒರೆಸೋಕೆ. ರಮ್ ಕೊಟ್ಟಿದ್ದರೆ ಮರೆಯೋಕೆ. ಪಟ್ಟಿ ಹಿಡಿದು ಆಡಿದ ಮಾತು ಹಾಗಲ್ಲ. ಅವರಲ್ಲಿ ಯುದ್ಧ ನಿಲ್ಲಿಸೋದು, ನೆಲ ಬಿಟ್ಟುಕೊಡೋದು ಎಲ್ಲಾ ಪಟ್ಟಿ ಹಿಡಿದೇ. ಪಟ್ಟಿ ವಾಪಸ್ ಕೈಗೆ ಬರೋ ತನಕ ಆ ಮಾತು ಜೀವಂತ" ಅಂದ. "ಹಾಗಾದರೆ ಹೆಪ್ಸಿ?" ಅಂದೆ. ಅವನು ಟೋಪಿ ಹಾಕಿಕೊಂಡು ದೋಣಿಯ ಕಡೆಗೆ ಹೋದ.

ನೀವು ನನ್ನ ಮಗಳನ್ನು ಕೊಟ್ಟುಬಿಟ್ಟಿದ್ದೀರಿ. ಬಟ್ಟೆ ನೆನೆದಿತ್ತು ಅಂತ.

ಒಂದು ಗಂಟು ಕಟ್ಟಿದೆ. ರೊಟ್ಟಿ, ಕಂಬಳಿ, ಮಗುವಿನ ಎರಡು ಅಂಗಿ. ಹೊಳೆಗೆ ಹೆದರಿದವಳು ಹೆಪ್ಸಿಯ ಕೈ ಹಿಡಿದು ದೋಣಿಯ ತನಕ ಹೋದೆ. ದಾಟಿಬಿಟ್ಟರೆ ಸಾಕು, ಫಿಲಡೆಲ್ಫಿಯಾ ತನಕ ನಡೆದಾದರೂ ಬರ್ತೀನಿ ಅಂತ. ಗೇವಿನ್ ದೋಣಿ ತಳ್ಳೋ ಗಣೆಯನ್ನು ಅಡ್ಡ ಹಿಡಿದು ನಿಂತ. "ಆಗಲ್ಲ ಅಮ್ಮಾವ್ರೇ." ಯಾಕೆ ಅಂದೆ. ಕಣ್ಣಲ್ಲಿ ನೀರು ಹಾಕಿಕೊಂಡು ಜೇಬಿಂದ ನಿಮ್ಮ ಚೀಟಿ ತೆಗೆದು ತೋರಿಸಿದ. ಯಾವ ಕಾರಣಕ್ಕೂ ನನ್ನ ಹೆಂಡತಿಯನ್ನೂ ಮಗುವನ್ನೂ ದಾಟಿಸಕೂಡದು, ದಾಟಿಸಿದರೆ ನಿನ್ನ ಕೆಲಸ ಹೋಯಿತು ಅಂತ, ನಿಮ್ಮ ಮುದ್ದಾದ ಅಕ್ಷರ. ನನ್ನ ಕೈಯಲ್ಲೇ ಕೊಟ್ಟು ಕಳಿಸಿದಿರಿ! ನಾನೇ ಅವನಿಗೆ ತಲುಪಿಸಿದೆ.

ಹಿಂದೆ ತಿರುಗಿದೆ. ಆಕೆ ನಿಂತಿದ್ದಳು. ಯಾವಾಗ ಬಂದಳೋ. ನನ್ನನ್ನು ನೋಡಿದಳು, ಗಂಟನ್ನು ನೋಡಿದಳು, ದೋಣಿಯನ್ನು ನೋಡಿದಳು. ಓಡಿಹೋಗೋಕೆ ಹೊರಟವಳು ಸಿಕ್ಕಿಬಿದ್ದೆ ಅಂತ ಮೈಯೆಲ್ಲ ನಡುಗಿತು. ಆಕೆ ಹತ್ತಿರ ಬಂದು ನನ್ನ ಕೈಯಿಂದ ಗಂಟು ತಗೊಂಡು, ತಾನೇ ಹೊತ್ತು, ಮನೆಯ ಕಡೆಗೆ ನಡೆದಳು. ಹೆಪ್ಸಿ ಕುಣೀತಾ ಅವಳ ಹಿಂದೆ ಹೋದಳು. ಅವರಿಬ್ಬರ ಹಿಂದೆ ನಾನು. ಬೇರೆ ಎಲ್ಲಿಗೆ ಹೋಗಲಿ?

ಸಂಜೆ ಹೋಗುವಾಗ ಗೇವಿನ್‌ನ ಹತ್ತಿರ ಎರಡು ಮಾತಾಡಿದಳಂತೆ. ಜೋಳ ಬಲಿತ ಮೇಲೆ ತನ್ನ ಅಣ್ಣನನ್ನು ಕರೆದುಕೊಂಡು ಬರ್ತಾಳಂತೆ. ನೀವೆಲ್ಲ ಕ್ಯಾಪ್ಟನ್ ಅಂತ ಕರೀತೀರಲ್ಲ, ಇಂಗ್ಲಿಷ್ ಬಲ್ಲ ಆ ಎತ್ತರದ ಮನುಷ್ಯ, ಅವನು. ಹೊಲದಲ್ಲಿ ಜೋಳ ಆಗಲೇ ನನ್ನ ಭುಜಕ್ಕೆ ಬಂದಿದೆ. ದಿನಾ ಬೆಳಿಗ್ಗೆ ಹೋಗಿ ತೆನೆ ಒತ್ತಿ ನೋಡ್ತೀನಿ. ಇನ್ನೂ ಹಾಲು ಬರುತ್ತೆ. ಹಾಲು ಬರದ ದಿನ ಬಂದರೆ ಏನು ಮಾಡಲಿ?

ಬನ್ನಿ. ಬೀದಿ, ನಕ್ಷೆ, ಕಲ್ಲಿನ ಮನೆ ಎಲ್ಲಾ ಹಾಳಾಗಿ ಹೋಗಲಿ. ಬಂದು ಆ ಪಟ್ಟಿಯನ್ನ ವಾಪಸ್ ಕೇಳಿ. ಕಾಲಿಗೆ ಬೀಳ್ತೀನಿ.

ಟ್ಯಾಬಿತಾ


ಫಿಲಡೆಲ್ಫಿಯಾ
ಆಗಸ್ಟ್ 26, 1733

ಪ್ರಿಯ ಟ್ಯಾಬಿ,

ನೀನು ಬೈದದ್ದನ್ನೆಲ್ಲ ಸಹಿಸಿಕೊಂಡೆ. ತಾಯಿಯ ಹೃದಯ. ಆದರೂ ತಣ್ಣಗೆ ಯೋಚಿಸು.

ಕಾನೂನಿನ ಪ್ರಕಾರ ಮಗು ತಂದೆಯದು. ನಾನು ಕೊಟ್ಟಿಲ್ಲ ಅಂದರೆ ಕೊಟ್ಟಿಲ್ಲ. ಯಾರು ಬೇಕಾದರೂ ನನ್ನನ್ನು ಬಂದು ಕೇಳಲಿ. ಆದರೆ ಪಟ್ಟಿ ವಾಪಸ್ ಕೇಳು ಅಂತೀಯಲ್ಲ, ಅದು ಆಗದ ಮಾತು. ಕೇಳಿದರೆ ನಾನು ಸುಳ್ಳ ಅಂತಾಯಿತು. ನಾಳೆ ಅವರು ಈ ದಡದಿಂದ ಏಳು ಅಂದರೆ? ಹಕ್ಕುಪತ್ರ ನನ್ನ ಕೈಗೆ ಬರೋಕೆ ಇನ್ನು ಒಂದೇ ರುಜು ಬಾಕಿ. ಐದು ವರ್ಷ ಆ ಹೊಳೆಯಲ್ಲಿ ಗಣೆ ಹಾಕಿ ಅಂಗೈ ಒಡೆದುಕೊಂಡವನು ನಾನು. ನನಗೂ ಇಲ್ಲಿ ನಿದ್ದೆಯಿಲ್ಲ ಟ್ಯಾಬಿ. ಎಲ್ಲ ಕೈತಪ್ಪಿ ಹೋಗುತ್ತೆ ಅಂತ ಬೆವರಿ ಏಳ್ತೇನೆ.

ಸೆಪ್ಟೆಂಬರ್ ಕೊನೆಗೆ ಹೊಸ ಸಂಸಾರಗಳ ಜೊತೆ ಬರ್ತೇನೆ. ಅಲ್ಲಿಯ ತನಕ ಕಾಲ ತಳ್ಳು. ಕ್ಯಾಪ್ಟನ್ ಬಂದರೆ ರಮ್ ಕೊಡು. ಮಗುವಿಗೆ ಜ್ವರ ಅನ್ನು. ಏನು ಹೇಳಿದರೂ ತಲೆದೂಗು.

ತೀರಾ ಕೈಮೀರಿದರೆ ಒಂದು ಮಾತು. ಹೆದರಬೇಡ, ಪೂರ್ತಿ ಓದು. ಒಂದು ಚಳಿಗಾಲದ ಮಟ್ಟಿಗೆ ಮಗು ಅವರ ಜೊತೆ ಇದ್ದರೆ ಆಕಾಶವೇನೂ ಬೀಳಲ್ಲ. ಅವರು ಮಕ್ಕಳನ್ನು ಹೊಡೆಯಲ್ಲ, ಅದು ನನಗೆ ಗೊತ್ತು. ಅವರ ಭಾಷೆ ಕಲೀತಾಳೆ, ಮುಂದೆ ವ್ಯಾಪಾರಕ್ಕೂ ಒಳ್ಳೆಯದೇ. ವಸಂತಕ್ಕೆ ನಾನೇ ಹೋಗಿ ಕರೆತರ್ತೇನೆ. ಆ ಹೊತ್ತಿಗೆ ಊರಲ್ಲಿ ಹತ್ತು ಮನೆ ಎದ್ದಿರುತ್ತೆ, ನಮ್ಮ ಮಾತಿಗೂ ಬಲ ಬಂದಿರುತ್ತೆ.

ಯೋಚಿಸಿ ನೋಡು.

ನಿನ್ನ
ಜೋಸೈಯಾ


ಪೆಲ್ ಕಡವು
ಸೆಪ್ಟೆಂಬರ್ 12, 1733

ಜೋಸೈಯಾ ಪೆಲ್ ಅವರಿಗೆ,

ನಿಮ್ಮ ಕಾಗದ ಬಂದ ಮರುದಿನವೇ ಅವರು ಬಂದರು. ಕಾಗದ ನನ್ನ ಸೊಂಟದ ಚೀಲದಲ್ಲೇ ಇತ್ತು. ಒಂದು ಚಳಿಗಾಲ ಅನ್ನೋ ಸಾಲು ಅಲ್ಲಿಂದಲೇ ನನ್ನನ್ನು ಕಚ್ಚುತ್ತಿತ್ತು.

ಕ್ಯಾಪ್ಟನ್ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಆಕೆ ಎಂದಿನ ಹಾಗೆ ಒಲೆಯ ಮುಂದೆ ಕೂತು ಪಟ್ಟಿ ಹಾಸಿದಳು. ಹಿಂದೆ ಇಬ್ಬರು ಮುದುಕಿಯರು. ಗೇವಿನ್ ಬಾಗಿಲಿಗೆ ಆತುಕೊಂಡು ನಿಂತಿದ್ದ, ಕೈಯಲ್ಲಿ ಕೊಡಲಿ ಹಿಡಿದಿದ್ದ. ಯಾರನ್ನು ಕಾಯೋಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಹೆಪ್ಸಿಯನ್ನು ನನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ರಮ್ ಕೊಡಲಿಲ್ಲ. ಜ್ವರ ಅನ್ನಲಿಲ್ಲ. ಅನ್ನೋಕೆ ನಾಲಿಗೆ ಎದ್ದರೆ ತಾನೇ?

ಕ್ಯಾಪ್ಟನ್ ನಿಧಾನಕ್ಕೆ ಮಾತಾಡಿದ. "ತಂಗಿ, ನಿನ್ನ ಗಂಡ ಈ ಪಟ್ಟಿ ಕೊಟ್ಟು ಒಂದು ಮಾತು ಹೇಳಿ ಹೋದ. ನಿನ್ನ ಮಗುವನ್ನು ಇಲ್ಲಿ ಕೂತಿರೋ ನನ್ನ ತಂಗಿಗೆ ಕೊಟ್ಟೆ ಅಂದ. ನಮಗೆ ಆಶ್ಚರ್ಯವಾಯಿತು. ಮಗು ನಿನ್ನ ಹೊಟ್ಟೆಯದು, ಕೊಡ್ತೀನಿ ಅಂತ ಹೇಳೋಕೆ ಇವನ್ಯಾರು ಅಂತ. ನಮ್ಮಲ್ಲಿ ಗಂಡಸು ಹಾಗೆ ಅಂದರೆ ಹೆಂಗಸರು ನಗ್ತಾರೆ. ಆದರೂ ಪಟ್ಟಿ ಬಂದಿದೆ. ನೀನೇ ಹೇಳಿ ಕಳಿಸಿರಬಹುದು ಅಂತ ಇವಳು ನಿನ್ನ ಬಾಯಿಂದ ಕೇಳೋಕೆ ಬಂದಳು. ಬೇಸಿಗೆಯಿಡೀ ನಿನ್ನ ಬೆಂಕಿಯ ಮುಂದೆ ಕೂತಳು. ನೀನು ಊಟ ಕೊಟ್ಟೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಾಯಿ ಯೋಚನೆ ಮಾಡ್ತಿರುವಾಗ ಅವಸರ ಮಾಡಬಾರದು ಅಂತ ಇವಳೂ ಸುಮ್ಮನಿದ್ದಳು. ಈಗ ನಮ್ಮವರು ಚಳಿಗಾಲದ ಬೇಟೆಗೆ ಹೊರಡಬೇಕು. ಅದಕ್ಕೇ ಕೇಳ್ತಿದೀನಿ. ನಿನ್ನ ಮಾತೇನು?"

ನನ್ನ ಮಾತು! ಜೋಸೈಯಾ, ನನಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ. "ಮೊದಲನೇ ದಿನವೇ ಬೇಡ ಅಂದಿದ್ದರೆ?" ಅಂತ ಕೇಳಿದೆ. "ಮೊದಲನೇ ದಿನವೇ ಮನೆಗೆ ಹೋಗ್ತಿದ್ದಳು" ಅಂದ. "ಮತ್ತೆ ಅವತ್ತು ದೋಣಿಯ ಹತ್ತಿರ ನನ್ನ ಗಂಟು ಯಾಕೆ ಕಿತ್ತುಕೊಂಡಳು?" ಅವನು ತಂಗಿಯನ್ನು ಕೇಳಿದ. ಆಕೆ ನನ್ನ ಕಡೆ ತಿರುಗಿ ಏನೋ ಅಂದಳು. "ನೀನು ನಡುಗ್ತಿದ್ದೆಯಂತೆ. ಗಂಟು ಭಾರ ಇತ್ತಂತೆ" ಅಂದ.

ಒಬ್ಬ ಹೆಂಗಸು ನನ್ನ ಗಂಟು ಹೊತ್ತುಕೊಟ್ಟಳು ಅಂತ ಒಂದು ತಿಂಗಳು ಬೆವರಿದ್ದೇನೆ. ನೀವು ಬರೆದ ಒಂದು ಸಾಲು ನಿಜವಿದ್ದಿದ್ದರೆ ನಾನು ಒಂದು ದಿನವೂ ಹೆದರಬೇಕಾಗಿರಲಿಲ್ಲ.

ಬೇಡ ಅಂದೆ. ಕೊಡಲ್ಲ, ನನ್ನ ಮಗು ನನಗೆ ಬೇಕು ಅಂದೆ. ಕ್ಯಾಪ್ಟನ್ ಅವರ ಮಾತಿಗೆ ತಿರುಗಿಸೋ ಮೊದಲೇ ಆಕೆಗೆ ತಿಳಿಯಿತು. ಕೂತಲ್ಲೇ ಕುಸಿದಳು. ಏಪ್ರಿಲ್‌ನಿಂದ ಹಿಡಿದಿಟ್ಟಿದ್ದೆಲ್ಲ ನನ್ನ ಒಲೆಯ ಮುಂದೆ ಹೊರಗೆ ಬಂತು. ನಾನು ಹೋಗಿ ತಬ್ಬಿಕೊಂಡೆ. ಈ ಸಲ ಯಾವ ಹೆಸರೂ ಎತ್ತಲಿಲ್ಲ. ಹೆಪ್ಸಿ ಬಂದು ಆಕೆಯ ಜಡೆ ಸವರುತ್ತಾ ಕೂತಳು. ಗೇವಿನ್ ಕೊಡಲಿ ಮೂಲೆಗಿಟ್ಟು ಹೊರಗೆ ಹೋಗಿ ಮೂಗು ಸೀಟಿಕೊಂಡ.

ಅಳು ನಿಂತ ಮೇಲೆ ಆಕೆ ಇನ್ನೊಂದು ಮಾತು ಹೇಳಿದಳು. ಅವತ್ತು ದೋಣಿಯ ಇನ್ನೊಂದು ತುದಿಯಲ್ಲಿ ಆಕೆಯೂ ಇದ್ದಳಂತೆ. ಹೊಳೆಯ ನಡುವೆ ದೋಣಿ ವಾಲಿದಾಗ ನಿಮ್ಮ ಒಂದು ಕೈ ಗಣೆಯ ಮೇಲಿತ್ತಂತೆ, ಇನ್ನೊಂದು ಕೈ ಖಾಲಿ ಇತ್ತಂತೆ. ಹುಡುಗ ಅದಕ್ಕೆ ಕೈ ಚಾಚಿದನಂತೆ. ನೀವು ಆ ಕೈಯಲ್ಲಿ ರಮ್ ಪೀಪಾಯಿ ಹಿಡಿದುಕೊಂಡಿರಂತೆ. ಸಿಟ್ಟಿಂದ ಹೇಳಲಿಲ್ಲ. ನನಗೆ ಗೊತ್ತಿರಲಿ ಅಂತ ಹೇಳಿದಳು. ನೀವು ಇತ್ಯರ್ಥ ಮಾಡಿ ಬಂದದ್ದು ಇದನ್ನೇ ತಾನೇ?

ಆಮೇಲೆ ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟಳು. ನಿಮಗಲ್ಲ, ನನಗೆ. ಮಾತಿಲ್ಲದ ಖಾಲಿ ಪಟ್ಟಿ ಇಟ್ಟುಕೊಳ್ಳೋದು ನನಗೆ ಸರಿ ಕಾಣಲಿಲ್ಲ. ಅದನ್ನು ಹಿಡಿದು ನಾನೇ ಒಂದು ಮಾತು ಕೊಟ್ಟು ಆಕೆಗೆ ಮರಳಿಸಿದೆ. ಕೇಳಿಸಿಕೊಳ್ಳಿ, ಈ ಕಡವಿಗೆ ಇನ್ನು ಇದೇ ಕಟ್ಟಳೆ. ಹುಡುಗ ಹೋದ ಜಾಗಕ್ಕೆ ಬಂದಾಗ ದೋಣಿ ನಿಲ್ಲುತ್ತೆ. ಗಣೆ ಮೇಲಕ್ಕೆ. ಎಲ್ಲರೂ ತಲೆ ತಗ್ಗಿಸಿ ಸುಮ್ಮನಿರಬೇಕು, ದೋಣಿಯಲ್ಲಿರುವವರೂ, ದಡದಲ್ಲಿರುವವರೂ. ಆಗ ಯಾರಾದರೂ ಕೂಗಿದರೆ, ಕೊಂಬು ಊದಿದರೆ, ದೋಣಿ ಹಿಂದಕ್ಕೆ ತಿರುಗುತ್ತೆ. ಆ ದಿನ ಮತ್ತೆ ದಾಟಲ್ಲ. ಅವರು ಬೇಟೆಗೆ ಹೊರಡೋ ತನಕ ಆಕೆಯೂ ದಿನಾ ನಮ್ಮ ಜೊತೆ ದೋಣಿಯಲ್ಲಿ ಕೂರ್ತಾಳೆ. ವಸಂತದಲ್ಲಿ ಬಿತ್ತನೆಯ ಹೊತ್ತಿಗೆ ಹೆಪ್ಸಿ ಅವರ ಮನೆಗೆ ಉಣ್ಣೋಕೆ ಹೋಗ್ತಾಳೆ, ನಾನೇ ಕರೆದುಕೊಂಡು ಹೋಗಿ ನಾನೇ ಕರೆತರ್ತೀನಿ. ಹೆಪ್ಸಿ ಆಗಲೇ ಚಿಕ್ಕಮ್ಮ ಅಂತಾಳೆ, ಆಕೆಯೂ ಓಗೊಡ್ತಾಳೆ.

ನಾನು ಈಗ ಗಣೆ ಹಾಕೋದು ಕಲೀತಿದ್ದೀನಿ. ಮೊದಲ ದಿನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊಳೆಗೆ ಕೊಟ್ಟೆ. ಗೇವಿನ್ ನಕ್ಕ, ಆಮೇಲೆ ಕಲಿಸಿದ. ನಿಮ್ಮ ಚೀಟಿಯನ್ನು ಅವನೇ ಒಲೆಗೆ ಹಾಕಿದ.

ಈ ಕಾಗದವನ್ನು ಮೇಲಿನ ದಾರಿಯ ಗಾಡಿಯವನ ಕೈಲಿ ಕಳಿಸ್ತಿದ್ದೀನಿ. ಹೊರಡೋ ಮುಂಚೆ ಓದಿಕೊಳ್ಳಿ, ಜೊತೆಗೆ ಬರುವವರಿಗೂ ಓದಿ ಹೇಳಿ. ಮಗುವಿನ ಮೇಲೆ ಕೈಯೆತ್ತದ ಆ ಜನ ನನ್ನನ್ನು ಕೇಳೋಕೆ ಬೇಸಿಗೆಯಿಡೀ ಕಾದರು. ನೀವು ಒಂದು ಸಾಲಿನಲ್ಲಿಯೂ ಕೇಳಲಿಲ್ಲ.

ಟ್ಯಾಬಿತಾ


ಮೂಡುದಡ, ಕೊಂಬಿನ ಕಂಬದ ಹತ್ತಿರ
ಸೆಪ್ಟೆಂಬರ್ 20, 1733

ಟ್ಯಾಬಿ,

ಇದನ್ನು ಮಂಡಿಯ ಮೇಲಿಟ್ಟು ಬರೀತಿದ್ದೇನೆ. ಒಬ್ಬ ಮೀನಿನವನು ತನ್ನ ಪುಟ್ಟ ದೋಣಿಯಲ್ಲಿ ತಲುಪಿಸ್ತೀನಿ ಅಂದಿದ್ದಾನೆ. ಒಬ್ಬರಿಗಿಂತ ಹೆಚ್ಚು ಹಿಡಿಸಲ್ಲ ಅಂತಾನೆ, ಇಲ್ಲದಿದ್ದರೆ ನಾನೇ ಬರ್ತಿದ್ದೆ.

ಹಕ್ಕುಪತ್ರ ಸಿಕ್ಕಿತು. ಸಿಕ್ಕಿದ ದಿನವೇ ಹೊರಟೆವು, ಗಾಡಿಗಳಿಗೆ ಅನುಕೂಲ ಅಂತ ಕೆಳಗಿನ ದಾರಿ ಹಿಡಿದು. ಆಗಸ್ಟ್‌ನಿಂದ ನಿನ್ನ ಒಂದು ಕಾಗದವೂ ನನಗೆ ಸಿಕ್ಕಿಲ್ಲ. ದಾರಿಯುದ್ದಕ್ಕೂ ಏನೇನೋ ಯೋಚನೆ. ಇವತ್ತು ಬೆಳಿಗ್ಗೆ ಈ ದಡ ಮುಟ್ಟಿ ಕೊಂಬು ಊದಿದೆ. ಆಚೆಯಿಂದ ದೋಣಿ ಬಿಟ್ಟಿತು. ಗಣೆ ಹಾಕ್ತಿರೋದು ನೀನು ಅಂತ ಗೊತ್ತಾದಾಗ ನನ್ನ ಕಣ್ಣನ್ನೇ ನಂಬಲಿಲ್ಲ. ಹೊಳೆಗೆ ಹೆದರ್ತಿದ್ದೆಯಲ್ಲ! ಹೆಪ್ಸಿ ಕಂಡಳು, ಜೀವ ಬಂತು. ಅವಳ ಮಗ್ಗುಲಲ್ಲಿ ಆ ಹೆಂಗಸು ಕಂಡಳು.

ಹೊಳೆಯ ನಡುವೆ ದೋಣಿ ನಿಂತುಬಿಟ್ಟಿತು. ಅದೇ ಜಾಗದಲ್ಲಿ. ನೀನು ಗಣೆ ಮೇಲಕ್ಕೆತ್ತಿದೆ. ಮೂವರೂ ತಲೆ ತಗ್ಗಿಸಿ ಕೂತಿರಿ. ಏನಾಯಿತು ಅಂತ ನಾನು ಕೂಗಿದೆ. ನೀನು ತಿರುಗಿಯೂ ನೋಡಲಿಲ್ಲ. ಮಗುವನ್ನು ಅಲ್ಲೇ ಏನಾದರೂ ಮಾಡ್ತಾರೆ ಅನ್ನಿಸಿ ಕೊಂಬು ತಗೊಂಡು ಉಸಿರಿದ್ದಷ್ಟು ಊದಿದೆ. ಆಗ ನೀನು ಗಣೆ ಇಳಿಸಿದೆ, ದೋಣಿ ತಿರುಗಿಸಿದೆ, ಬಂದ ಕಡೆಗೇ ಹೋಗಿಬಿಟ್ಟೆ. ಅಲ್ಲಿಂದ ಊದ್ತಾನೇ ಇದ್ದೇನೆ. ತುಟಿ ಒಡೆದು ರಕ್ತ ಬರ್ತಿದೆ. ಯಾರೂ ಬರ್ತಿಲ್ಲ.

ನನ್ನ ಹಿಂದೆ ನಾಲ್ಕು ಗಾಡಿ ನಿಂತಿವೆ. ಆ ದಡದಲ್ಲಿ ಏನೂ ಭಯವಿಲ್ಲ ಅಂತ ನಾನು ಹೇಳಿ ಕರೆತಂದ ಜನ. ಒಬ್ಬ ಆಗಲೇ ಎತ್ತುಗಳನ್ನು ಹಿಂದಕ್ಕೆ ತಿರುಗಿಸ್ತಿದ್ದಾನೆ. ಮನೆಯ ಹೊಗೆ ಕಾಣುತ್ತೆ, ಅಂಗಳದಲ್ಲಿ ನೀನು ಓಡಾಡೋದು ಕಾಣುತ್ತೆ. ನನಗೆ ತುಂಬಾ ಹೆದರಿಕೆ ಆಗ್ತಿದೆ ಟ್ಯಾಬಿ. ನಾನೀಗ ಏನು ಮಾಡಬೇಕು? ನೀನು ಹೇಳು. ನೀನು ಹೇಳಿದ ಹಾಗೆ ಮಾಡ್ತೇನೆ.

ಜೋಸೈಯಾ